ಚುಕ್ಕೆ ಇಟ್ಟ ಸೆಲ್

ಅಯ್ಯೋ ದೇವರೇ, ಮತ್ತೆ ಬಂದ್ರಾ! ಈಗ ತಾನೇ ಮಗು ನಿದ್ದೆಗೆ ಕಣ್ಣು ಮುಚ್ಚಿತ್ತು ಸಿಸ್ಟರ್, ಈಗ ತಾನೇ. ಬೆಳಗ್ಗೆಯಿಂದ ಇದು ಆರನೇ ಸಲ. ಒಬ್ಬ ಬಂದು ಟೈಮೆಷ್ಟು ಅಂತ ಕೇಳ್ತಾನೆ. ವಾಚಿನಂಗಡಿ ಇರೋದೇ ಅದಕ್ಕೆ ನೋಡಿ! ಇನ್ನೊಬ್ಬಳು ಬಂದು ಪಕ್ಕದ ಟೈಲರ್ ಯಾವಾಗ ಬರ್ತಾನೆ ಅಂತಾಳೆ. ನಾನೇನು ಅವನ ಹೆಂಡತಿಯಾ? ಅವನ ಹೆಂಡತಿಗೇ ಗೊತ್ತಿರಲ್ಲ ಅದು. ಒಂದು ಕೆಲಸ ಕೈಗೆತ್ತಿಕೊಂಡ್ರೆ ಮುಗಿಸೋಕೆ ಬಿಡಲ್ಲ ಈ ಜನ... ಅಯ್ಯೋ, ನಿಮಗೆ ಹೇಳಿದ್ದಲ್ಲ. ನೀವು ಬನ್ನಿ. ಸ್ಟೂಲ್ ಮೇಲಿರೋ ಡಬ್ಬಿ ಕೆಳಗಿಟ್ಟು ಕೂತ್ಕೊಳ್ಳಿ. ಹುಷಾರು, ತಲೆ! ಮೆಟ್ಟಿಲ ಕೆಳಗಿನ ಅಂಗಡಿ ಅಂದ್ರೆ ಹೀಗೇ. ಎಂಥಾ ದೊಡ್ಡ ಮನುಷ್ಯನೂ ನನಗೆ ಬಗ್ಗಿ ನಮಸ್ಕಾರ ಮಾಡಿಯೇ ಒಳಗೆ ಬರಬೇಕು.

ಯಾಕೆ, ನಗಲಿಲ್ಲ? ಹೋದ ಸಲ ಇದೇ ಮಾತಿಗೆ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಿದ್ರಿ.

ಒಂದು ನಿಮಿಷ ಇರಿ. ಈ ವಾಚು ಮೇಲಿನ ಮಹಡಿ ಮೇಷ್ಟ್ರದು, ಈಗಷ್ಟೇ ಸೆಲ್ ತೆಗೆದೆ. ಇದಕ್ಕೊಂದು ಚುಕ್ಕೆ ಇಟ್ಟುಬಿಡ್ತೀನಿ. ಇಲ್ಲಿ, ಕಪ್ಪು ಪೆನ್ನಲ್ಲಿ, ಬೆನ್ನ ಮೇಲೆ... ಆಯ್ತು. ಇನ್ನು ಇದು ಡಬ್ಬಿಗೆ. ಕೇಳಿಸ್ತಾ ಶಬ್ದ? ಡಬ್ಬಿ ತುಂಬ ಸತ್ತ ಸೆಲ್ಲುಗಳೇ. ನಮ್ಮ ಮಾವ ಹೇಳಿಕೊಟ್ಟ ಮೊದಲನೇ ಪಾಠ ಇದು. ಅವರ ಕೈ ನಡುಗೋಕೆ ಶುರುವಾದ ಮೇಲೆ ತಾನೇ ನನ್ನನ್ನ ಇಲ್ಲಿ ಕೂರಿಸಿದ್ದು? ಮಗ ಹಡಗುಕಟ್ಟೆಯಲ್ಲಿ ಕ್ರೇನ್ ಓಡಿಸೋಕೆ ಹೋದ, ಸೊಸೆ ಹತ್ತನೇ ಕ್ಲಾಸ್ ಪಾಸು, ಕಣ್ಣು ಚೆನ್ನಾಗಿದೆ, ನಾಲಗೆ ಅದಕ್ಕಿಂತ ಚೆನ್ನಾಗಿದೆ ಅಂತ. ‘ಅಮ್ಮಾ, ವಾಚಿಂದ ತೆಗೆದ ಸೆಲ್ಲನ್ನ ಟೇಬಲ್ ಮೇಲೆ ಬರೀ ಮೈಯಲ್ಲಿ ಬಿಡಬೇಡ. ಮೊದಲು ಚುಕ್ಕೆ, ಆಮೇಲೆ ಉಸಿರಾಡು. ಹೊಸದೂ ಹಳೇದೂ ನೋಡೋಕೆ ಒಂದೇ ಥರ ಹೊಳೀತಾವೆ. ಬೆರೆತುಹೋದ್ರೆ ದೇವರಿಗೂ ಗೊತ್ತಾಗಲ್ಲ.’ ಇಷ್ಟು ಹೇಳಿ, ಕನ್ನಡಕ, ಚಿಮಟ, ಈ ಸ್ಟೂಲು, ಎಲ್ಲಾ ನನ್ನ ಮಡಿಲಿಗೆ ಹಾಕಿ ಮಗಳ ಮನೆಗೆ ಹೋಗಿಬಿಟ್ರು. ಹೋದವರು ಅಲ್ಲೇ. ಫೋನ್ ಮಾಡಿದ್ರೆ ಸೊಸೆ ಹೇಗಿದ್ದಾಳೆ ಅಂತ ಕೇಳಲ್ಲ, ಚುಕ್ಕೆ ಇಡ್ತಿದ್ದೀಯಾ ಅಂತ ಕೇಳ್ತಾರೆ!

ಈಗಲೂ ನಗು ಬರಲಿಲ್ವಾ? ಸರಿ ಬಿಡಿ. ಬ್ಯಾಗನ್ನಾದ್ರೂ ಹೆಗಲಿಂದ ಇಳಿಸಿ. ಬಸ್ಸಿಗೆ ನಿಂತವರ ಥರ ನಿಂತಿದ್ದೀರಲ್ಲ.

ಏನು, ಮತ್ತೆ ವಾಚೇನಾ? ಕೊಡಿ, ನೋಡೋಣ. ಅಯ್ಯೋ ಪಾಪ... ನಿಂತೇಹೋಗಿದೆ. ನಾಲ್ಕು ಗಂಟೆ ಹತ್ತು ನಿಮಿಷ. ನಿನ್ನೆ ಸಂಜೆಯಾ? ಹೂಂ. ಹಾಗಾದ್ರೆ ಹಾಕಿಸಿ ಎಷ್ಟು ದಿನ ಆಯ್ತು, ಹದಿನೆಂಟಾ? ನೀವು ಹೇಳಬೇಡಿ, ನನಗೇ ಗೊತ್ತು. ಹದಿನೆಂಟು. ಏನು ಮಾಡೋದು ಸಿಸ್ಟರ್, ಈಗಿನ ಸೆಲ್ಲುಗಳ ಹಣೆಬರಹವೇ ಇಷ್ಟು. ಮೇಲೆ ಥಳಥಳ, ಒಳಗೆ ಟೊಳ್ಳು. ಜತೆಗೆ ಬಿಸಿಲು. ನೀವು ಬೇರೆ ದಿನಕ್ಕೆ ಇಪ್ಪತ್ತು ಸಲ ಕೈ ತೊಳೀತೀರಿ. ವಾಚು ಏನು ಮೀನಾ? ನೀರು ಒಳಗೆ ಹೋಗಿರುತ್ತೆ. ಒಳಗಿನ ರಬ್ಬರ್ ಉಂಗುರ ಸವೆದಿರುತ್ತೆ. ಇಲ್ಲಾಂದ್ರೆ ಆಸ್ಪತ್ರೆಯ ಯಾವುದೋ ಮೆಷಿನ್ ಪಕ್ಕ ನಿಂತಿರ್ತೀರಿ, ಅದರ ಅಯಸ್ಕಾಂತ ಎಳೆದುಬಿಟ್ಟಿರುತ್ತೆ. ನೂರೆಂಟು ಕಾರಣ.

ಇಲ್ಲೇ ಬಿಟ್ಟು ಹೋಗಿ. ನಾಳೆ ಇಷ್ಟು ಹೊತ್ತಿಗೆ ಬನ್ನಿ, ರೆಡಿ ಇರುತ್ತೆ.

ಬೇಡ್ವಾ? ಈಗಲೇ ಬೇಕಾ?

ಸರಿ, ಈಗಲೇ. ನಿಮಗೆ ಇಲ್ಲ ಅನ್ನೋಕಾಗುತ್ತಾ? ಹಾಗಾದ್ರೆ ನಾನು ಮುಚ್ಚಳ ಬಿಚ್ಚೋಷ್ಟರಲ್ಲಿ ನೀವು ಆ ಕಡೆ ಹೋಗಿ ಮಗು ನೋಡಿ. ಟೇಬಲ್ ಹಿಂದೆ, ರಟ್ಟಿನ ಪೆಟ್ಟಿಗೆಯಲ್ಲಿ. ಈಗ ಕಾಲು ಚಾಚಿದ್ರೆ ಪೆಟ್ಟಿಗೆ ಸಾಲಲ್ಲ, ಅಷ್ಟುದ್ದ ಆಗಿದ್ದಾಳೆ. ನಿನ್ನೆ ಕೆಳಗಡೆ ಒಂದು ಹಲ್ಲು ಕಾಣಿಸ್ತು. ಅನ್ನದ ಅಗುಳು ಅಂತ ಒರೆಸೋಕೆ ಹೋದೆ, ಕಚ್ಚಿದಳು! ನಿಮಗೆ ತೋರಿಸಬೇಕು ಅಂತಲೇ... ಹೋಗಿ ನೋಡಿ. ಎಬ್ಬಿಸಿದ್ರೂ ಪರವಾಗಿಲ್ಲ. ಪ್ರತಿ ಸಲ ಅವಳನ್ನ ಎತ್ತಿಕೊಂಡು ಆ ಬಾಗಿಲ ಹತ್ತಿರ ನಿಲ್ತಿದ್ರಲ್ಲ, ನನಗೆ ಬೆನ್ನು ಮಾಡಿ, ರಸ್ತೆ ತೋರಿಸ್ಕೊಂಡು...

ಯಾಕೆ, ಹೋಗಲ್ವಾ? ಇಲ್ಲೇ ನಿಲ್ತೀರಾ?

ನಿಂತ್ಕೊಳ್ಳಿ. ನನಗೇನು. ಬೆಳಕಿಗೆ ಮಾತ್ರ ಅಡ್ಡ ಬರಬೇಡಿ.

ಅಲ್ಲ ಸಿಸ್ಟರ್, ಏನಾಯ್ತು ಅಂತಲಾದ್ರೂ ಹೇಳಿ. ಮುಖ ನೋಡಿದ್ರೆ ಯಾರ ಮನೇಲೋ ಜಗಳ ಬಿಡಿಸೋಕೆ ಹೋಗಿ ಏಟು ತಿಂದವರ ಥರ ಇದ್ದೀರಿ. ಯಾರು ಏನಂದ್ರು? ನನಗೆ ಹೇಳಿ, ನಾನು ಹೋಗಿ ಕೇಳ್ತೀನಿ. ನೀವು ಹೋಗೋ ಬೀದೀಲಿ ಯಾವನೋ ನಾಯಿ ಬಿಟ್ಟಿದ್ದಾಗ ಹೋಗಿ ಕೇಳಿ ಬಂದೆನಾ ಇಲ್ವಾ? ಆಮೇಲೆ ಆ ನಾಯಿ ನನ್ನನ್ನ ಕಂಡ್ರೆ ತಾನೇ ಚೈನ್ ಹಾಕ್ಕೊಳ್ಳುತ್ತೆ.

ಏನು? ನಿಲ್ಲೋ ಮುಂಚೆ ನಿಧಾನ ಆಗಿತ್ತಾ?

ಯಾವಾಗ? ನಿನ್ನೆ ಬೆಳಗ್ಗೆ... ಬಾಣಂತಿ ಮನೇಲಿ. ಹೂಂ. ಎಂಟು ದಿನದ ಕೂಸು. ಹೂಂ... ಅಂಗಿ ಎತ್ತಿ ಉಸಿರು ಎಣಿಸಿದ್ರಿ. ಎಷ್ಟು ಬಂತು? ಎಪ್ಪತ್ತೆರಡಾ! ಅರವತ್ತು ದಾಟಬಾರದು ಅಲ್ವಾ? ನನಗೆ ನೆನಪಿದೆ. ಇವಳಿಗೆ ಎಣಿಸುವಾಗ ನೀವೇ ಹೇಳಿದ್ರಿ. ಅರವತ್ತರ ಮೇಲೆ ಹೋದ್ರೆ ಆಸ್ಪತ್ರೆ. ಇವಳಿಗೆ ನಲವತ್ತೆಂಟು ಬಂದಿತ್ತು, ಐವತ್ತೊಂದು ಬಂದಿತ್ತು. ನೀವು ಎಣಿಸುವಾಗ ನಾನೇ ಉಸಿರು ಕಟ್ಟಿಕೊಂಡು ನಿಂತಿರ್ತಿದ್ದೆ. ‘ನೀನು ಉಸಿರಾಡಮ್ಮ, ನಿನ್ನದು ಎಣಿಸ್ತಿಲ್ಲ’ ಅಂತಿದ್ರಿ...

ಎರಡು ಸಲ ಎಣಿಸಿದ್ರಾ? ಎರಡು ಸಲವೂ ಹಾಗೇ ಬಂತಾ?

ಹಾಗಾದ್ರೆ ಕಳಿಸಿದ್ದು ಸರಿಯೇ ತಾನೇ! ಎಪ್ಪತ್ತೆರಡು ಬಂದ್ರೆ ಕಳಿಸದೇ ಏನು ಮಾಡ್ತಾರೆ? ಆ ಬಾಣಂತಿ, ಹೊಲಿಗೆ ಇನ್ನೂ ಹಸಿ, ಎರಡು ಬಸ್ ಹತ್ತಿ, ಬಿಸಿಲಲ್ಲಿ... ಪಾಪ, ಅಳ್ತಾ ಹೋದಳಾ? ದೊಡ್ಡಾಸ್ಪತ್ರೆಯಲ್ಲಿ ಸಂಜೆವರೆಗೂ ಕೂರಿಸಿದ್ರಾ? ಹೂಂ. ಆಮೇಲೆ?

ಐವತ್ತನಾಲ್ಕಾ.

ಡಾಕ್ಟರ್ ಎಣಿಸಿದ್ರೆ ಐವತ್ತನಾಲ್ಕು.

ಅಂದ್ರೆ ಮಗು ಚೆನ್ನಾಗೇ ಇತ್ತು. ಅಬ್ಬಾ. ಚೆನ್ನಾಗಿತ್ತಲ್ಲ, ಅಷ್ಟೇ ಸಾಕು! ಮತ್ತೆ ಯಾಕೆ ಈ ಮುಖ? ಏನಂದ ಅವನು? ಎಲ್ಲರ ಮುಂದೆಯಾ? ‘ಇಷ್ಟು ವರ್ಷ ಕೆಲಸ ಮಾಡಿ ನಿಮಗೆ ಒಂದು ನಿಮಿಷ ಎಣಿಸೋಕೆ ಬರಲ್ವಾ’ ಅಂದನಾ? ಅವನ ನಾಲಗೆ ಬಿದ್ದುಹೋಗ! ಅವನು ಹುಟ್ಟೋ ಮುಂಚೆಯಿಂದ ನೀವು ಎಣಿಸ್ತಿದ್ದೀರಿ. ಅವನಿಗೇ ಎಣಿಸಿದ್ದೀರೋ ಏನೋ! ಅವನ ಗಡಿಯಾರವೇ ಕೆಟ್ಟಿರಬೇಕು. ನೀವು ಹೇಳಬೇಕಿತ್ತು, ಸಾರ್, ನಿಮ್ಮ ವಾಚು ತೋರಿಸಿ ಅಂತ...

ಹೇಳಲಿಲ್ಲ. ಸುಮ್ನೆ ನಿಂತಿದ್ರಿ. ಈಗ ಇಲ್ಲಿ ನಿಂತಿದ್ದೀರಲ್ಲ, ಹೀಗೇನಾ?

ಫೋನ್‌ನಲ್ಲಿ ನೋಡಬಾರದಿತ್ತಾ ಅಂದ್ರೆ ಮತ್ತೆ ಅದೇ ಹೇಳ್ತೀರಿ, ಗೊತ್ತು. ಒಂದು ಕೈ ಕೂಸಿನ ಅಂಗಿ ಎತ್ತಿರುತ್ತೆ, ಇನ್ನೊಂದು ಕೈ ಬಾಣಂತಿ ಹಿಡಿದುಕೊಂಡಿರ್ತಾಳೆ, ಫೋನ್ ಮೂರನೇ ಕೈಲಿ ಹಿಡೀಲಾ ಅಂತ. ಹೌದು. ನಾನೂ ಹಿಡಿದಿದ್ದೆ. ವಾಚು ಕಟ್ಟಿರೋ ಕೈಯನ್ನೇ ಹಿಡಿದಿದ್ದೆ. ಒಳಗೆ ಮುಳ್ಳು ಟಿಕ್ ಟಿಕ್ ಅನ್ನೋದು ನನ್ನ ಬೆರಳಿಗೆ ಗೊತ್ತಾಗ್ತಿತ್ತು.

ಬಿಚ್ತೀನಿ, ಬಿಚ್ತೀನಿ. ಅವಸರ ಮಾಡಬೇಡಿ. ಅಲಗು ಜಾರಿದ್ರೆ ಬೆರಳು ಹೋಗುತ್ತೆ.

ಅಲ್ಲ, ನೀವು ಹಾಗೆ ದಿಟ್ಟಿಸಿ ನೋಡ್ತಿದ್ರೆ ಕೈ ಓಡಲ್ಲ ನನಗೆ. ಸ್ಕೂಲಲ್ಲಿ ಲೆಕ್ಕದ ಮೇಡಂ ಬೆನ್ನ ಹಿಂದೆ ನಿಂತ್ರೂ ಹೀಗೇ ಆಗ್ತಿತ್ತು. ಬರೋ ಲೆಕ್ಕವೂ ತಪ್ಪುತ್ತಿತ್ತು. ಲೆಕ್ಕ ಬರ್ತಿತ್ತು ನನಗೆ, ಸುಳ್ಳಲ್ಲ. ಈಗಲೂ ಬರುತ್ತೆ. ಐವತ್ತನಾಲ್ಕು ಇದ್ದದ್ದು ಎಪ್ಪತ್ತೆರಡು ಆಗಬೇಕು ಅಂದ್ರೆ... ನಿಮ್ಮ ವಾಚಿನ ಒಂದು ನಿಮಿಷಕ್ಕೆ ನಿಜವಾದ ಎಂಬತ್ತು ಸೆಕೆಂಡು ಹಿಡಿದಿದೆ. ಮುಳ್ಳು ಒಂದು ಹೆಜ್ಜೆ ಇಟ್ಟು, ಎರಡನೇದಕ್ಕೆ ತಡವರಿಸಿ, ನಿಂತು, ಮತ್ತೆ ಎದ್ದು... ಸೆಲ್ಲಿನಲ್ಲಿ ಶಕ್ತಿ ಇಲ್ಲದಾಗ ಹಾಗೇ ಮಾಡುತ್ತೆ. ನೀವು ಕೂಸಿನ ಎದೆ ನೋಡ್ತಾ ಮಧ್ಯೆ ಮಧ್ಯೆ ಮುಳ್ಳು ನೋಡ್ತಿದ್ರಿ, ಮುಳ್ಳನ್ನೊಂದೇ ನೋಡ್ತಾ ಕೂತಿರಲಿಲ್ಲ. ಯಾರಿಗೂ ಗೊತ್ತಾಗಲ್ಲ ಅದು. ನಿಮ್ಮ ತಪ್ಪಲ್ಲ.

ಬಂತು ಮುಚ್ಚಳ.

ಅಲ್ಲಿ ನೋಡಿ, ಮಗು ಮಿಸುಕಾಡಿದ ಹಾಗಿದೆ. ನೋಡ್ತೀರಾ ಸ್ವಲ್ಪ?

ನೋಡಲ್ಲ.

ಹೂಂ. ಇದು ಸೆಲ್ಲು. ತೆಗೆದೆ. ಎಲ್ಲಿ ನನ್ನ ಪೆನ್ನು, ಚುಕ್ಕೆ ಇಡಬೇಕಲ್ಲ, ಮೊದಲು ಚುಕ್ಕೆ ಆಮೇಲೆ ಉಸಿರು... ಇಲ್ಲೇ ಇತ್ತು ಪೆನ್ನು. ನಿಮ್ಮ ಕೈಲಿದೆಯಾ? ಕೊಡಿ.

ಕೊಡಿ ಸಿಸ್ಟರ್.

ಯಾಕೆ ಹಾಗೆ ನೋಡ್ತಿದ್ದೀರಿ ಅದನ್ನ? ಚುಕ್ಕೆ ಇದೆ, ಹೌದು. ಈಗ ಇಟ್ಟೆನಲ್ಲ... ಪೆನ್ನು ನಿಮ್ಮ ಕೈಲೇ ಇದೆ ಅಲ್ವಾ. ಹಾಗಾದ್ರೆ ಅದು ಮೇಷ್ಟ್ರದಿರಬೇಕು. ಮೇಷ್ಟ್ರದು ಡಬ್ಬಿಗೆ ಹಾಕಿದೆ. ನೀವೇ ಶಬ್ದ ಕೇಳಿಸ್ಕೊಂಡ್ರಿ.

ಬಿಸಿಲಿಗೆ ಒಮ್ಮೊಮ್ಮೆ ತಾನೇ ಕಪ್ಪಗೆ ಹಾಗೆ ಒಂದು...

ಏನಾದ್ರೂ ಅನ್ನಿ ಸಿಸ್ಟರ್. ಬೈಯಿರಿ. ಹೀಗೆ ಸುಮ್ಮನಿರಬೇಡಿ. ಇಡೀ ದಿನ ಇದೇ ಕೇಳ್ತೀನಿ ನಾನು, ಈ ಸುಮ್ಮನಿರೋದನ್ನ. ನೀವೂ ಅದನ್ನೇ ತಂದು ಕೊಡಬೇಡಿ.

ಹಳೇ ಸೆಲ್ಲು ಅದು.

ಹೌದು. ಡಬ್ಬಿಯಿಂದ ತೆಗೆದು ಹಾಕಿದ್ದೆ. ಅದೊಂದೇ ಅಲ್ಲ. ಹಿಂದಿನದ್ದೂ. ಅದರ ಹಿಂದಿನದ್ದೂ.

ಕಳ್ಳತನ ಅಲ್ಲ, ಆಣೆ. ಹೊಸ ಸೆಲ್ಲು ಇಲ್ಲೇ ಇವೆ, ನೋಡಿ, ಪಟ್ಟಿ ಪಟ್ಟಿಯೇ ಇವೆ. ಮೊದಲನೇ ಸಲ ನೀವು ಬಂದಾಗ ಹೊಸದನ್ನೇ ತೆಗೆದಿದ್ದೆ. ಚಿಮಟದಲ್ಲಿ ಹಿಡಿದಿದ್ದೆ. ನೀವು ಅಲ್ಲಿ ಬಾಗಿಲ ಹತ್ತಿರ ಮಗೂಗೆ ಬಸ್ ತೋರಿಸ್ತಾ ನನ್ನ ಕಡೆ ತಿರುಗದೆಯೇ ಕೇಳಿದ್ರಿ, ಇದು ಎಷ್ಟು ದಿನ ಬರುತ್ತಮ್ಮಾ ಅಂತ. ಎರಡು ವರ್ಷ ಬರುತ್ತೆ ಸಿಸ್ಟರ್ ಅಂದೆ. ಅಂದಮೇಲೆ ನನ್ನ ಮಾತು ನನಗೇ ಕೇಳಿಸ್ತು. ಎರಡು ವರ್ಷ.

ಎರಡು ವರ್ಷ ನೀವು ಈ ಕಡೆ ತಲೆ ಹಾಕಲ್ಲ. ಯಾಕೆ ಹಾಕ್ತೀರಿ? ನಿಮ್ಮ ಪುಸ್ತಕದಲ್ಲಿ ನನ್ನ ಹಾಳೆ ಮುಗಿದಿತ್ತು. ನಲವತ್ತೆರಡನೇ ದಿನಕ್ಕೆ ಸರಿಯಾಗಿ ಕೆಳಗೆ ಗೆರೆ ಎಳೆದು, ಮಗು ಚೆನ್ನಾಗಿದೆ, ತಾಯಿ ಚೆನ್ನಾಗಿದ್ದಾಳೆ ಅಂತ ಬರೆದು ಹೋದ್ರಿ. ಚೆನ್ನಾಗಿರೋರ ಮನೆಗೆ ಯಾರು ಬರ್ತಾರೆ? ಹೆರಿಗೆ ಆದ ಮೇಲೆ ಆ ಏಳು ಸಲ ನೀವು ಮನೆಗೆ ಬಂದಿದ್ದು... ನಿಮಗೆ ಅದು ಡ್ಯೂಟಿ. ನನಗೆ ಗೊತ್ತು ಡ್ಯೂಟಿ ಅಂತ, ನಾನೇನು ದಡ್ಡಿಯಲ್ಲ. ಆದ್ರೂ ಒಳಗೆ ಬಂದ ತಕ್ಷಣ ಚಪ್ಪಲಿ ಬಿಡ್ತಾ ಬಿಡ್ತಾ ಕೇಳ್ತಿದ್ರಲ್ಲ, ‘ನೀನೇನು ತಿಂದೆ?’ ಅಂತ. ಮಗೂನ ಆಮೇಲೆ ನೋಡ್ತಿದ್ರಿ.

ಮನೆಯವರು ಭಾನುವಾರ ಫೋನ್ ಮಾಡ್ತಾರೆ. ಒಳ್ಳೆಯವರೇ, ತಪ್ಪು ಹೇಳಲ್ಲ. ಮಗು ಹೇಗಿದೆ. ಹಾಲು ಕುಡೀತಾ. ನಿದ್ದೆ ಮಾಡ್ತಾ. ಸರಿ, ಇಡ್ತೀನಿ. ಅವರು ಇಟ್ಟ ಮೇಲೂ ನಾನು ಫೋನ್ ಕಿವಿಗೆ ಹಿಡ್ಕೊಂಡೇ ಮಾತಾಡಿದ್ದುಂಟು. ‘ನಾನು ಎರಡು ಹೊತ್ತು ತಿಂದೆ, ಮೂರನೇದು ಒಬ್ಬಳಿಗೆ ಒಲೆ ಹಚ್ಚೋಕೆ ಬೇಜಾರು’ ಅಂತ. ಪಕ್ಕದ ಟೈಲರ್ ಕೇಳಿಸ್ಕೊಂಡು, ಏನಮ್ಮಾ, ಗಂಡನ ಜತೆ ಎಷ್ಟೊಂದು ಮಾತು ಅಂದ. ನಿನಗೇನಯ್ಯಾ ಹೊಟ್ಟೆಕಿಚ್ಚು ಅಂದೆ.

ಗಿರಾಕಿಗಳು ಬರ್ತಾರೆ, ಹೌದು. ವಾಚು ಕೊಡ್ತಾರೆ, ಫೋನ್ ನೋಡ್ತಾ ನಿಲ್ತಾರೆ, ತಗೊಂಡು ಹೋಗ್ತಾರೆ. ನಾನು ಏನಾದ್ರೂ ಚುಚ್ಚಿ ಮಾತಾಡಿದ್ರೆ ಒಂದು ಸಲ ತಲೆ ಎತ್ತಿ ನೋಡ್ತಾರೆ. ಅದಕ್ಕೇ ಚುಚ್ಚೋದು.

ಅದಕ್ಕೇ ಹೊಸ ಸೆಲ್ಲನ್ನ ವಾಪಸ್ ಪಟ್ಟಿಯಲ್ಲಿಟ್ಟೆ. ಡಬ್ಬಿಯಿಂದ ಒಂದು ತೆಗೆದೆ. ಸುಮ್ನೆ ಯಾವುದೋ ಒಂದಲ್ಲ, ಮೀಟರ್ ಇಟ್ಟು ನೋಡಿ ಆರಿಸಿದೆ. ಇದರಲ್ಲಿ ಇಷ್ಟು ಉಳಿದಿದೆ, ಒಂದು ತಿಂಗಳು ಬರುತ್ತೆ ಅಂತ. ಐದು ವಾರ ಬಂತು. ಆ ಐದನೇ ವಾರ ದಿನಾ ರಸ್ತೆ ನೋಡಿದೆ. ಎರಡನೇ ಸಲ ಮೂರು ವಾರದ್ದು ಹಾಕಿದೆ. ಮೂರು ವಾರವೂ ಉದ್ದ ಆಯ್ತು ಸಿಸ್ಟರ್. ಅದಕ್ಕೇ ಹೋದ ಸಲ ಇನ್ನೂ ಬಡವಾದದ್ದು... ಮೀಟರ್ ಮುಳ್ಳು ಎದ್ದೂ ಏಳದ ಹಾಗಿತ್ತು. ಇದು ತಡವರಿಸುತ್ತೆ ಅಂತ ಗೊತ್ತಿತ್ತು ನನಗೆ. ವಾಚು ನಿಲ್ಲುತ್ತೆ, ಬರ್ತಾರೆ, ಅಷ್ಟೇ ಯೋಚನೆ ಮಾಡಿದ್ದು. ನೀವು ಅದರಲ್ಲಿ ಕೂಸಿನ ಉಸಿರು ಎಣಿಸ್ತೀರಿ ಅಂತ... ಗೊತ್ತಿರಲಿಲ್ಲ ಅಂತ ಹೇಗೆ ಹೇಳಲಿ? ನನ್ನ ಕೂಸಿಗೇ ಎಣಿಸಿದ್ದೀರಿ. ಆ ಕೈ ನಾನೇ ಹಿಡ್ಕೊಂಡಿದ್ದೆ.

ಚುಕ್ಕೆ ಒರೆಸಬಹುದಿತ್ತು. ಹತ್ತಿಗೆ ಒಂದು ಹನಿ ಸ್ಪಿರಿಟ್ ಹಾಕಿದ್ರೆ ಹೋಗ್ತಿತ್ತು. ಮೂರು ಸಲವೂ ಹತ್ತಿ ತಗೊಂಡೆ. ಒರೆಸೋಕೆ ಕೈ ಬರಲಿಲ್ಲ. ಮಾವ ಕೇಳ್ತಾರಲ್ಲ ಫೋನಲ್ಲಿ, ಚುಕ್ಕೆ ಇಡ್ತಿದ್ದೀಯಾ ಅಂತ. ಇಡ್ತಿದ್ದೀನಿ ಮಾವ ಅಂತೀನಿ. ಆ ಒಂದು ಮಾತಾದ್ರೂ ಸುಳ್ಳಾಗಬಾರದು ಅನ್ನಿಸ್ತು. ಹುಚ್ಚು ನೋಡಿ. ಮೋಸ ಮಾಡ್ತೀನಿ, ಚುಕ್ಕೆ ಮಾತ್ರ ಒರೆಸಲ್ಲ!

ನಗಬೇಡಿ. ಅಲ್ಲ, ನಕ್ಕಿಲ್ಲ ನೀವು. ನಾನೇ ನಕ್ಕಿದ್ದು.

ಆ ಬಾಣಂತಿ ಮನೆ ಎಲ್ಲಿ ಹೇಳಿ. ಹೋಗಿ ಹೇಳ್ತೀನಿ, ನಿಮ್ಮ ಸಿಸ್ಟರ್ ತಪ್ಪು ಎಣಿಸಿಲ್ಲಮ್ಮಾ, ಅವರ ವಾಚಿಗೆ ನಾನೇ ಹೆಣ ಹಾಕಿ ಕೊಟ್ಟಿದ್ದೆ ಅಂತ. ಡಾಕ್ಟರ್ ಹತ್ತಿರವೂ ಹೋಗ್ತೀನಿ. ಮಗೂನ ಎತ್ತಿಕೊಂಡೇ ಹೋಗ್ತೀನಿ. ನಾನು ಹೇಳೋದನ್ನ ಹೇಳಿಯೇ ಬರ್ತೀನಿ, ಗೊತ್ತಲ್ಲ ನಿಮಗೆ ನನ್ನ ಬಾಯಿ.

ಈಗ ಇದನ್ನ ನೋಡಿ. ಇಲ್ಲಿ, ನಿಮ್ಮ ಕಣ್ಣ ಮುಂದೆ. ಪಟ್ಟಿ ಹರೀತೀನಿ. ಬೆನ್ನ ಮೇಲೆ ಏನೂ ಇಲ್ಲ, ಬೆಳ್ಳಗಿದೆ, ನೋಡಿದ್ರಾ? ಮುಟ್ಟಿ ಬೇಕಾದ್ರೆ. ಬೇಡ, ಮುಟ್ಟಬೇಡಿ, ಬೆರಳಿನ ಜಿಡ್ಡು ತಗಲುತ್ತೆ. ಹಾಕಿದೆ. ಓಡ್ತು. ನೋಡಿ ಹೇಗೆ ಓಡ್ತಿದೆ, ಕತ್ತೆ! ಮುಚ್ಚಳ ಒತ್ತಿದೆ. ಕಟಕ್. ಇನ್ನು ಎರಡು ವರ್ಷ ನಿಲ್ಲಲ್ಲ ಇದು. ತಗೊಳ್ಳಿ.

ಕಟ್ಟಿಕೊಳ್ಳಿ. ಹೊರಡಿ. ನಿಮಗೆ ಇನ್ನೂ ಮನೆಗಳಿರ್ತಾವೆ.

ಅಯ್ಯೋ, ಎದ್ದಳು. ಎದ್ದೇಬಿಟ್ಟಳು. ಬಂದೆ ಕಣೇ, ಬಂದೆ... ಬೇಡ ಸಿಸ್ಟರ್, ನಾನೇ ಎತ್ಕೋತೀನಿ, ನಿಮ್ಮ ಬಿಳಿ ಸೀರೆ... ಸರಿ. ಎತ್ಕೊಳ್ಳಿ. ನೋಡಿ, ನಿಮ್ಮ ಕೈಗೆ ಹೋದ ತಕ್ಷಣ ಬಾಯಿ ಮುಚ್ಚಿದಳು. ನನ್ನ ಹತ್ತಿರ ಮಾತ್ರ ರಾಗ.

ಯಾಕೆ ಅವಳ ಅಂಗಿ ಎತ್ತುತ್ತಿದ್ದೀರಿ? ಏನಾಗಿದೆ ಅವಳಿಗೆ? ಏನೂ ಆಗಿಲ್ವಾ? ಓ... ಎಣಿಸ್ತಿದ್ದೀರಾ. ಪರೀಕ್ಷೆ ಮಾಡ್ತಿರೋದು ನನ್ನ ಮಗೂನೋ, ನನ್ನ ಸೆಲ್ಲನ್ನೋ?

ಸರಿ, ಮಾತಾಡಲ್ಲ. ಒಂದು ನಿಮಿಷ ಅಲ್ವಾ? ಮಾತಾಡಲ್ಲ.

...

...

ಎಷ್ಟು ಬಂತು?

ಮೂವತ್ತಾರಾ. ಇವಳ ವಯಸ್ಸಿಗೆ ಸರಿ ತಾನೇ? ಆ ಗೋಡೆ ಗಡಿಯಾರದ ಜತೆ ಹೋಲಿಸಿ ನೋಡಿದ್ರಾ? ನೋಡಿದ್ರಿ, ನಾನು ಕಂಡೆ. ನೋಡಬೇಕಾದ್ದೇ. ನಾನಾಗಿದ್ರೂ ನೋಡ್ತಿದ್ದೆ.

ಅದೇನು, ನನ್ನ ಕೈ ಯಾಕೆ... ಬಿಡಿ, ಕೈಯೆಲ್ಲಾ ಎಣ್ಣೆ. ಬಿಡಿ ಅಕ್ಕಾ.

ಏನಂದ್ರಿ?

ಕೇಳಿಸ್ತು. ಆ ಪ್ರಶ್ನೆ ಗೊತ್ತು ನನಗೆ. ನಿಮ್ಮ ಪುಸ್ತಕದಲ್ಲಿ ಕೊನೇದು. ಜ್ವರ ಇದೆಯಾ, ಹಾಲು ಬರುತ್ತಾ, ಹೊಲಿಗೆ ನೋವಿದೆಯಾ, ಎಲ್ಲಾ ಆದ ಮೇಲೆ ಎದ್ದು ನಿಂತು ಚಪ್ಪಲಿ ಹಾಕ್ಕೊಳ್ತಾ ಕೇಳ್ತಿದ್ರಿ. ಏಳು ಸಲವೂ ಕೇಳಿದ್ರಿ, ಏಳು ಸಲವೂ ನಾನು ಕೈ ಬೀಸಿ, ಅಯ್ಯೋ ಮನೆ ತುಂಬ ಜನ ಇದ್ದಾರೆ ಸಿಸ್ಟರ್, ಈಗ ತಾನೇ ಅಂಗಡಿಗೆ ಹೋದ್ರು ಅಂದೆ. ನೀವು ಹಾಗೇ ಬರ್ಕೊಂಡು ಹೋದ್ರಿ. ಮಾವ ಆಗಲೇ ಮಗಳ ಮನೇಲಿದ್ರು. ಇವರು ಹೆರಿಗೆಗೆ ಅಂತ ಬಂದವರು ಎರಡನೇ ದಿನಕ್ಕೇ ರೈಲು ಹತ್ತಿದ್ರು. ಹೊರಗೆ ಇದ್ದ ಎರಡು ಜತೆ ಚಪ್ಪಲಿ... ಅವನ್ನ ನಾನೇ ಇಡ್ತಿದ್ದೆ.

ಈಗ ಪುಸ್ತಕ ತೆಗೆದೇ ಇಲ್ಲ ನೀವು. ಪೆನ್ನೂ ಕೆಳಗಿಟ್ಟಿದ್ದೀರಿ. ಬರ್ಕೊಳ್ಳಲ್ವಾ? ಬರ್ಕೊಳ್ಳದೆ ಸುಮ್ನೆ ಕೇಳಿದ್ರೆ ನಾನು ಏನಂತ...

ಇನ್ನೊಂದು ಸಲ ಕೇಳಬೇಡಿ ಅಕ್ಕಾ. ಕೇಳಿಸ್ತು ಅಂದೆನಲ್ಲ...

‘ಮನೇಲಿ ನಿನ್ನ ಜತೆ ಯಾರಿದ್ದಾರೆ?’